ದುಡಿಯುವ ಕೈಗೆ ಸಹಿ ಹಾಕುವ ಅಧಿಕಾರ: ರೈತ ಮಹಿಳೆಯರನ್ನು ಮುಂದೆ ತರುವ ದಾರಿ

ನಮ್ಮಮ್ಮ 22 ವರ್ಷ ಊರಿನ ಹಾಲು ಸಂಘದ ಡೈರಿಗೆ ಹಾಲು ಹಾಕಿದವರು. ದೊಡ್ಡಬಳ್ಳಾಪುರದ ಹತ್ತಿರ ನಮ್ಮೂರು. ಬೆಳಗಿನ ಜಾವ ಎದ್ದು ಕೊಟ್ಟಿಗೆ ಗುಡಿಸಿ, ಸಗಣಿ ಎತ್ತಿ, ಹಾಲು ಕರೆದು, ಕ್ಯಾನ್ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದರು. ಆ ಸಾಲಿನಲ್ಲಿ ಮುಕ್ಕಾಲು ಪಾಲು ಹೆಂಗಸರೇ. ಒಳಗೆ ಗೋಡೆ ಮೇಲೆ ನಿರ್ದೇಶಕರ ಫೋಟೊಗಳು. ಅದರಲ್ಲಿ ಒಂದೇ ಒಂದು ಹೆಣ್ಣಿನ ಮುಖ ಇರಲಿಲ್ಲ.

ಅಪ್ಪ ತೀರಿಕೊಂಡ ವರ್ಷ ಅಮ್ಮ ಬೋನಸ್ ಕೇಳಲು ಹೋದಾಗ ಗೊತ್ತಾಯಿತು. ಷೇರು ಇದ್ದದ್ದು ಅಪ್ಪನ ಹೆಸರಿನಲ್ಲಿ. ಅಷ್ಟು ವರ್ಷ ಹಾಲು ಹಾಕಿದ ಅಮ್ಮ ಆ ಸಂಘದ ಸದಸ್ಯೆಯೇ ಅಲ್ಲ! "ಮಗನ ಹೆಸರಿಗೆ ಮಾಡಿಸಿಬಿಡಿ ಅಮ್ಮ, ಸಲೀಸು" ಎಂದರು ಅಲ್ಲಿದ್ದವರು. ಅಮ್ಮ ಮನೆಗೆ ಬಂದು ಮಾತಾಡದೆ ಕ್ಯಾನ್ ತೊಳೆದು ಬೋರಲು ಹಾಕಿದರು. ಆ ಸಂಜೆ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ನನ್ನ ಹೆಸರಿಗೆ ಮಾಡಿಸೋಕೆ ಏನೇನು ಕಾಗದ ಬೇಕು?"

ಅಲ್ಲಿಂದ ಶುರುವಾಯಿತು ನನ್ನ ಓಡಾಟ. ಯಲಹಂಕದಲ್ಲಿ ಇದ್ದುಕೊಂಡು ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಕಡೆಯ ರೈತ ಗುಂಪುಗಳ ಜೊತೆ ಕೆಲಸ ಮಾಡುತ್ತಾ ಬಂದಿದ್ದೇನೆ. ಕಳೆ ಕೀಳುವುದು, ಕೊಯ್ಲು, ಹಸು, ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವುದು ಹೆಂಗಸರ ಕೆಲಸ. ಸಹಿ ಹಾಕುವುದು ಗಂಡಸರ ಕೆಲಸ. ಹೋದಲ್ಲೆಲ್ಲಾ ಇದೇ. 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರ ಪೈಕಿ ಮಹಿಳೆಯರು ಸುಮಾರು ಶೇ 14 ಮಾತ್ರ. ಈಗ ವಿಶ್ವಸಂಸ್ಥೆ 2026ನ್ನು ರೈತ ಮಹಿಳೆಯರ ಅಂತರರಾಷ್ಟ್ರೀಯ ವರ್ಷ ಎಂದು ಘೋಷಿಸಿದೆ. ಶಾಲು, ಹಾರ, ಸನ್ಮಾನ ಎಲ್ಲಾ ಆಗುತ್ತದೆ. ಆಗಲಿ, ಸಂತೋಷವೇ. ಆದರೆ ಶಾಲು ಹೊದ್ದವರ ಹೆಸರು ಜಮೀನಿನ ದಾಖಲೆಯಾದ ಪಹಣಿಯಲ್ಲಿ ಇದೆಯಾ, ಚೆಕ್ಕಿನ ಮೇಲೆ ಅವರ ಸಹಿ ಇದೆಯಾ ಅಂತ ನೋಡುವ ಅಭ್ಯಾಸ ನನಗೆ ಬಂದುಬಿಟ್ಟಿದೆ.

ಡೈರಿ, ಸೊಸೈಟಿ, ರೈತರೇ ಷೇರುದಾರರಾಗಿರುವ ರೈತ ಉತ್ಪಾದಕ ಕಂಪನಿ ನಡೆಸುವವರಿಗೆ ಇದನ್ನು ಬರೆಯುತ್ತಿದ್ದೇನೆ. ಊರಲ್ಲಿ ಅಮ್ಮ, ಅತ್ತಿಗೆ, ದೊಡ್ಡಮ್ಮ ಇರುವ ಬೆಂಗಳೂರಿನ ಮಕ್ಕಳಿಗೂ ಇದು ಬೇಕು. ಯಾಕೆಂದರೆ ಕಚೇರಿಯ ಅರ್ಧ ಕೆಲಸ ಈಗ ಮೊಬೈಲ್‌ನಲ್ಲೇ ಆಗುತ್ತದೆ, ಅದನ್ನು ನೀವು ಮಾಡಿಕೊಡಬಹುದು.

ಮೊದಲನೆಯದು: ಕಾಗದದ ಮೇಲೆ ಹೆಸರು ಬರಲಿ

ಈ ಹೆಜ್ಜೆ ಬಿಟ್ಟು ಮುಂದೆ ಹೋದರೆ ಉಳಿದದ್ದೆಲ್ಲಾ ಗಾಳಿಗೋಪುರ. ಮುಂದಾಳತ್ವದ ತರಬೇತಿ ಪಡೆದು ಬಂದ ಅಕ್ಕ, ಸದಸ್ಯೆ ಅಲ್ಲ ಎಂಬ ಒಂದೇ ಕಾರಣಕ್ಕೆ ಸಭೆಯ ಬಾಗಿಲಲ್ಲಿ ನಿಂತದ್ದನ್ನು ನಾನು ನೋಡಿದ್ದೇನೆ.

ಎಲ್ಲಕ್ಕಿಂತ ಸುಲಭವಾಗಿ ತೆರೆಯುವ ಬಾಗಿಲು ಡೈರಿ. ಅಲ್ಲಿ ಜಮೀನು ಬೇಕಿಲ್ಲ, ಹಸು ಇದ್ದರೆ ಸಾಕು. ಮನೆಯಲ್ಲಿ ಹಾಲು ಹಾಕುವವರು ಯಾರೋ ಅವರ ಹೆಸರಿನಲ್ಲೇ ಷೇರು ಇರಲಿ, ಹಾಲಿನ ದುಡ್ಡು ಅವರ ಬ್ಯಾಂಕ್ ಖಾತೆಗೇ ಬೀಳಲಿ. ಅರ್ಜಿ, ಆಧಾರ್, ಫೋಟೊ, ಷೇರಿನ ಹಣ ಕೊಟ್ಟು ರಸೀದಿ ತೆಗೆದುಕೊಳ್ಳಿ. "ಮನೆಗೊಂದು ಷೇರು ಸಾಕಲ್ವಾ" ಅಂತ ಯಾರಾದರೂ ಅಂದರೆ, ಸಂಘದ ಉಪವಿಧಿಯಲ್ಲಿ, ಅಂದರೆ ಅದರ ನಿಯಮ ಪುಸ್ತಕದಲ್ಲಿ, ಹಾಗೆ ಬರೆದಿದೆಯಾ ತೋರಿಸಿ ಎಂದು ಕೇಳಿ. ಬಾಯಿಮಾತಿನ ನಿಯಮಗಳು ಪುಸ್ತಕ ತೆಗೆದ ಕೂಡಲೇ ಮಾಯವಾಗುವುದು ಜಾಸ್ತಿ. ಗಂಡನ ಹೆಸರಿನ ಷೇರನ್ನೇ ಬದಲಾಯಿಸಬೇಕಾದರೆ, ಅವರು ಬದುಕಿರುವಾಗಲೇ ಮಾಡಿಸಿಕೊಳ್ಳಿ. ನಮ್ಮಮ್ಮನಿಗೆ ಆಮೇಲೆ 5 ತಿಂಗಳು ಹಿಡಿಯಿತು.

ಇನ್ನು ಜಮೀನು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಕರ್ನಾಟಕ 1994ರಲ್ಲೇ ತನ್ನ ತಿದ್ದುಪಡಿ ಜಾರಿಗೆ ತಂದಿತ್ತು, ಆದರೆ ಅದು ಆಗ ಮದುವೆಯಾಗದ ಹೆಣ್ಣುಮಕ್ಕಳಿಗೆ ಮಾತ್ರ. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ಹಕ್ಕು ಕೊಟ್ಟಿತು. ಅದು ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕು ಎಂದೇನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಇಲ್ಲವೇ ಕೋರ್ಟ್ ಡಿಕ್ರಿಯಾಗಿ ಮುಗಿದ ವಿಭಾಗವನ್ನು, ಆಗಲೇ ಮಾರಿಹೋದ ಆಸ್ತಿಯನ್ನು ಈಗ ಕೆದಕುವಂತಿಲ್ಲ.

ಕಾನೂನು ಇಷ್ಟು ಸ್ಪಷ್ಟ ಇದ್ದರೂ ಊರಲ್ಲಿ ನಡೆಯುವುದೇ ಬೇರೆ. ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ಜಮೀನಿನ ಬೆಲೆ ಏರಿದ್ದು ಎಲ್ಲರಿಗೂ ಗೊತ್ತು. ಅಲ್ಲಿಂದ ಅಕ್ಕತಂಗಿಯರನ್ನು ಊಟಕ್ಕೆ ಕರೆದು, ಸೀರೆ ಕೊಟ್ಟು, "ಅರಿಶಿನ ಕುಂಕುಮಕ್ಕೆ" ಅಂತ ಇಷ್ಟು ದುಡ್ಡು ಕೈಗಿಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ಜಾಸ್ತಿಯಾಗಿದೆ. ತವರಿನ ಬಾಗಿಲು ಮುಚ್ಚಿಬಿಟ್ಟರೆ ಎಂಬ ಭಯಕ್ಕೇ ಎಷ್ಟೋ ಜನ ಸಹಿ ಹಾಕುತ್ತಾರೆ. ಆ ಭಯ ನನಗೂ ಅರ್ಥವಾಗುತ್ತದೆ. ಹಾಗಾಗಿ ಜಗಳ ಮಾಡಿ ಎಂದು ಹೇಳುವುದಿಲ್ಲ. ಒಂದೇ ಮಾತು: ಕರೆದ ದಿನವೇ ಸಹಿ ಹಾಕಬೇಡಿ. ಪತ್ರದ ಪ್ರತಿ ಮನೆಗೆ ತನ್ನಿ, ಓದಿಸಿ ಕೇಳಿ, ವಕೀಲರಿಗೆ ತೋರಿಸಿ, ಆಮೇಲೆ ತೀರ್ಮಾನ ಮಾಡಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ, ಹೆಣ್ಣುಮಕ್ಕಳಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ.

ಯಜಮಾನರು ತೀರಿಕೊಂಡಿದ್ದರೆ ಪೌತಿ ಖಾತೆ ಮಾಡಿಸಬೇಕು, ಅಂದರೆ ಅವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಬೇಕು. ಮರಣ ಪತ್ರ ಮತ್ತು ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಬೇಕು. ಎಡವುವುದು ವಂಶವೃಕ್ಷದಲ್ಲೇ. ಹೆಂಡತಿ ಹೆಸರು, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಎಲ್ಲಾ ಅದರಲ್ಲಿ ಇದೆಯಾ ಅಂತ ಸಹಿಗೆ ಮೊದಲು ನೋಡಿಕೊಳ್ಳಿ. ಮ್ಯುಟೇಶನ್ (ಖಾತೆ ಬದಲಾವಣೆ) ಆದ ಮೇಲೆ ಹೊಸ ಪಹಣಿ ತೆಗೆಸಿ, ಮಾಲೀಕರ ಹೆಸರಿರುವ ಕಾಲಂ 9ರಲ್ಲಿ ಹೆಸರು ಬಂದಿದೆಯಾ ಎಂದು ಕಣ್ಣಾರೆ ನೋಡಿ.

ಯಜಮಾನರು ಇದ್ದಾರೆ, ಮನಸ್ಸೂ ಇದೆ ಎಂದಾದರೆ ಇನ್ನೂ ಒಳ್ಳೆಯದು. ಅವರ ಸ್ವಂತ ಸಂಪಾದನೆಯ ಜಮೀನಿನಲ್ಲಿ ಅರ್ಧ ಎಕರೆಯನ್ನಾದರೂ ನೋಂದಾಯಿತ ದಾನಪತ್ರದಿಂದ ಹೆಂಡತಿ ಹೆಸರಿಗೆ ಮಾಡಬಹುದು. ಮನೆಯವರೊಳಗಿನ ದಾನಪತ್ರಕ್ಕೆ ಶುಲ್ಕ ತುಂಬಾ ಕಡಿಮೆ. ಪಹಣಿಯಲ್ಲಿ ಹೆಸರು ಬಂದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಮಾಡಿಸಿ. ಸಬ್ಸಿಡಿ ಆಗಲಿ, ಬೆಂಬಲ ಬೆಲೆಗೆ ರಾಗಿ ಹಾಕುವುದಾಗಲಿ, ಎಲ್ಲಾ ಆ ನಂಬರಿನ ಮೇಲೇ ನಡೆಯುವುದು. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಆ ದುಡ್ಡು ಯಾರ ಖಾತೆಗೆ ಬೀಳುತ್ತದೆ ಎಂಬುದು ಮನೆಯೊಳಗಿನ ಮಾತಿನ ತೂಕವನ್ನೇ ಬದಲಾಯಿಸುತ್ತದೆ.

ಎರಡನೆಯದು: ಲೆಕ್ಕ ಓದಲು ಕಲಿಸಿ

ಭಾಷಣ ಕಲೆ, ವ್ಯಕ್ತಿತ್ವ ವಿಕಸನ ಅಂತ ತರಬೇತಿ ಇಡುತ್ತಾರೆ. ನನ್ನನ್ನು ಕೇಳಿದರೆ ಅದಕ್ಕೆ ಮೊದಲು ಜಮಾ-ಖರ್ಚು ಕಲಿಸಬೇಕು. ಲೆಕ್ಕ ಅರ್ಥವಾದವರಿಗೆ ಮಾತು ತಾನಾಗಿ ಬರುತ್ತದೆ.

ನಾನು ಬಳಸುವ ಒಂದು ಪಾಠ ಹೇಳುತ್ತೇನೆ, ನೀವೂ ಮಾಡಿ. ಸಂಘ 200 ಚೀಲ ಪಶು ಆಹಾರ ತರಿಸಿತು ಅಂದುಕೊಳ್ಳಿ. ಚೀಲಕ್ಕೆ 1,300ರಂತೆ ತಂದು 1,350ಕ್ಕೆ ಮಾರಿತು. ಚೀಲಕ್ಕೆ 50 ಉಳಿತಾಯ, ಒಟ್ಟು 10,000. ಲಾರಿ ಬಾಡಿಗೆ ಚೀಲಕ್ಕೆ 15, ಇಳಿಸುವ ಕೂಲಿ 5. ಅಲ್ಲಿಗೆ 4,000 ಹೋಯಿತು, ಲಾಭ 6,000. ಎಲ್ಲರೂ ಖುಷಿ. ಈಗ ಕೇಳಿ: 60 ಚೀಲ ಸಾಲದ ಮೇಲೆ ಹೋಗಿದೆ, ದುಡ್ಡು ಬಂದಿಲ್ಲ, ಎಷ್ಟಾಯಿತು? 81,000. ಹಾಗಾದರೆ ಪುಸ್ತಕದಲ್ಲಿ ಲಾಭ ಇದ್ದರೂ ಮುಂದಿನ ಲೋಡಿಗೆ ದುಡ್ಡು ಎಲ್ಲಿದೆ?

ಹೊಸಕೋಟೆ ಕಡೆಯ ಒಂದು ಗುಂಪಿನಲ್ಲಿ ಈ ಪ್ರಶ್ನೆ ಹಾಕಿದಾಗ, ಹಿಂದೆ ಗೋಡೆಗೆ ಒರಗಿ ಕೂತಿದ್ದ ಒಬ್ಬ ಅಜ್ಜಿ ಥಟ್ಟನೆ, "ಸಾಲ ತಗೊಂಡವರು ಯಾರು ಅಂತ ಮೊದಲು ಓದಿ" ಎಂದರು. ಕೋಣೆ ಗಪ್‌ಚುಪ್. ಲೆಕ್ಕಪತ್ರದ ಜೀವ ಇರುವುದೇ ಆ ಪ್ರಶ್ನೆಯಲ್ಲಿ. ಚೀಟಿ, ಸಾಲ, ಬಡ್ಡಿ ನೋಡಿಕೊಂಡು ಮನೆ ತೂಗಿಸಿದವರಿಗೆ ಇದು ಹೊಸದಲ್ಲ. ನಾವು ಕೊಡಬೇಕಾದ್ದು ಪುಸ್ತಕದ ಭಾಷೆ ಅಷ್ಟೇ.

ತಿಂಗಳಿಗೆ ಒಮ್ಮೆ, ಎರಡು ಗಂಟೆ, ಸಂಘದ ನಿಜವಾದ ಪುಸ್ತಕಗಳನ್ನೇ ಇಟ್ಟುಕೊಂಡು ಓದಿಸಿ: ಕ್ಯಾಶ್ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಸ್ಟಾಕ್ ಪುಸ್ತಕ, ಬಾಕಿ ಪಟ್ಟಿ. ಡೈರಿಯಾದರೆ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಇರುವ ಚೀಟಿಯಿಂದ ಶುರು ಮಾಡಿ. ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಲೆಕ್ಕದ ಪುಸ್ತಕ ಬರೆಯುವ ಹೆಣ್ಣುಮಕ್ಕಳು ನಿಮ್ಮ ಪಂಚಾಯಿತಿಯಲ್ಲೇ ಇರುತ್ತಾರೆ. ಅವರಿಗೆ ಗೌರವಧನ ಕೊಟ್ಟು ಕಲಿಸಲು ಕರೆಯಿರಿ. ಸುಮ್ನೆ ದೂರದಿಂದ ತಜ್ಞರನ್ನು ಕರೆಸಬೇಕಿಲ್ಲ.

ಮೂರನೆಯದು: ಒಬ್ಬರನ್ನೇ ಕೂರಿಸಬೇಡಿ

ಹತ್ತು ಗಂಡಸರ ನಡುವೆ ಒಬ್ಬ ಹೆಣ್ಣುಮಗಳನ್ನು ಕೂರಿಸಿದರೆ ಆಕೆ ಟೀ ವಿಚಾರಿಸುವವಳಾಗಿ ಬಿಡುತ್ತಾಳೆ. ಇದು ಆಕೆಯ ತಪ್ಪಲ್ಲ. ಕನಿಷ್ಠ ಮೂವರು ಇರಲಿ. ರೈತ ಉತ್ಪಾದಕ ಕಂಪನಿಯಲ್ಲಿ ನಿರ್ದೇಶಕರು 5ರಿಂದ 15 ಮಂದಿ ಇರಬಹುದು, ಹಾಗಾಗಿ ಜಾಗ ಇಲ್ಲ ಎನ್ನುವ ಮಾತಿಗೆ ಅರ್ಥವಿಲ್ಲ. ಸಹಕಾರ ಸಂಘದಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನ ಇದೆ. ಅದರ ಜೊತೆಗೆ ಸಾಮಾನ್ಯ ಸ್ಥಾನಕ್ಕೂ ನಿಲ್ಲಬಹುದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೀವು ಹೇಳಿ.

ಸಭೆಯ ವಿಷಯ ಪಟ್ಟಿ ಒಂದು ವಾರ ಮುಂಚೆ ಅವರ ಕೈ ಸೇರಲಿ, ಕನ್ನಡದಲ್ಲಿ. ಸಭೆಯ ಹಿಂದಿನ ದಿನ ಮೂವರೂ ಒಬ್ಬರ ಜಗುಲಿಯಲ್ಲಿ ಕೂತು ಓದಿಕೊಳ್ಳಲಿ. ಯಾವ ವಿಷಯ ಯಾರು ಎತ್ತುತ್ತಾರೆ ಅಂತ ಹಂಚಿಕೊಳ್ಳಲಿ. ಮೊದಲ ಕೆಲವು ಸಭೆಗಳಲ್ಲಿ ಒಂದು ನಿರ್ಣಯಕ್ಕಾದರೂ ಅವರಲ್ಲೊಬ್ಬರು ಸೂಚಕರಾಗಲಿ. ನಡಾವಳಿ ಪುಸ್ತಕದಲ್ಲಿ ಹೆಸರು ಬೀಳುವುದು ಸಣ್ಣ ವಿಷಯವಲ್ಲ. ವರ್ಷದ ಕೊನೆಗೆ ಪುಸ್ತಕ ತಿರುವಿದಾಗ ಯಾರು ಏನು ಮಾಡಿದರು ಎಂಬುದಕ್ಕೆ ಅದೇ ಸಾಕ್ಷಿ.

ನಾಲ್ಕನೆಯದು: ಸಭೆಯ ಹೊತ್ತು, ಬಸ್ಸು, ಶೌಚಾಲಯ

ಸಂಜೆ ಆರೂವರೆಗೆ ಸಭೆ ಇಟ್ಟು "ಹೆಂಗಸರು ಬರೋದೇ ಇಲ್ಲ ಸಾರ್" ಎನ್ನುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಆ ಹೊತ್ತಿಗೆ ಹಾಲು ಕರೆಯುವವರು ಯಾರು? ಒಲೆ ಹಚ್ಚುವವರು ಯಾರು? ಬೆಳಿಗ್ಗೆ 11ರಿಂದ 1 ಗಂಟೆ ನಮ್ಮ ಕಡೆ ಸರಿಯಾದ ಹೊತ್ತು. ಕಾರ್ತಿಕದಲ್ಲಿ ರಾಗಿ ಕೊಯ್ಲು, ಕಣದ ಕೆಲಸ ಇರುವಾಗ ಸಭೆಯೇ ಬೇಡ.

ತಾಲ್ಲೂಕಿಗೋ ಬೆಂಗಳೂರಿಗೋ ಹೋಗಬೇಕಾದರೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. "ದುಡ್ಡು ಕೊಡಿ, ಹೋಗಿಬರ್ತೀನಿ" ಅಂತ ಕೈಚಾಚುವ ಸಂಕಟ ಒಂದು ಕಡಿಮೆಯಾಯಿತು. ಆದರೂ ಒಂದು ದಿನದ ಕೂಲಿ ಹೋಗುತ್ತದೆ, ಸಭಾ ಭತ್ಯೆ ಕೊಡಿ. ಆ ದಿನ ಹಸು ನೋಡಿಕೊಳ್ಳುವವರು ಯಾರು ಎಂದು ಮನೆಯಲ್ಲಿ ಮೊದಲೇ ಮಾತಾಡಿ. ಅತ್ತೆಯವರ ಹತ್ತಿರ ಹೋಗಿ, ಕೂತು, ಕಾಫಿ ಕುಡಿದು ಮಾತಾಡಿದರೆ ಅರ್ಧ ಕೆಲಸ ಆದಂತೆ. ಅತ್ತೆ ಒಪ್ಪಿದ ಮನೆಯ ಸೊಸೆ ಸಭೆ ತಪ್ಪಿಸಿದ್ದನ್ನು ನಾನು ಕಂಡಿಲ್ಲ.

ಕಚೇರಿಯಲ್ಲಿ ಬೀಗ ಹಾಕದ, ನೀರಿರುವ ಶೌಚಾಲಯ ಇರಬೇಕು. ಇದಕ್ಕೆ ವಿವರಣೆ ಬೇಡ.

ಐದನೆಯದು: ನಿಜವಾದ ಅಧಿಕಾರ ಕೊಡಿ

ಉಪಾಧ್ಯಕ್ಷೆ ಅಂತ ಮಾಡಿ ದೀಪ ಹಚ್ಚಿಸಿದರೆ ಅದು ಮುಂದಾಳತ್ವ ಆಗುವುದಿಲ್ಲ. ಮೂರು ವಿಷಯ ನೋಡಿ: ಬ್ಯಾಂಕಿನಲ್ಲಿ ಸಹಿ ಯಾರದು, ಖರೀದಿ ತೀರ್ಮಾನಿಸುವವರು ಯಾರು, ನೌಕರರನ್ನು ನೇಮಿಸುವವರು ಯಾರು. ಈ ಮೂರರಲ್ಲಿ ಒಂದಾದರೂ ಮಹಿಳಾ ನಿರ್ದೇಶಕರ ಕೈಗೆ ಮೊದಲ ವರ್ಷವೇ ಬರಲಿ.

ಸಹಿಯ ವಿಚಾರದಲ್ಲಿ ಎರಡು ಎಚ್ಚರಿಕೆ. ಒಂದು, ಖಾಲಿ ಚೆಕ್ಕಿಗೆ ಎಂದೂ ಸಹಿ ಹಾಕಬಾರದು. "ಅಕ್ಕ, ನಾಳೆ ನೀವು ಸಿಗಲ್ಲ, ಐದು ಹಾಳೆ ಹಾಕಿಬಿಡಿ" ಎನ್ನುತ್ತಾರೆ, ಪ್ರೀತಿಯಿಂದಲೇ ಎನ್ನುತ್ತಾರೆ. ಆದರೆ ಮೊತ್ತ, ಹೆಸರು, ಬಿಲ್ಲು ಮೂರೂ ನೋಡಿದ ಮೇಲೇ ಪೆನ್ನು ಎತ್ತಬೇಕು. ಇನ್ನೊಂದು ಡಿಜಿಟಲ್ ಸಹಿ. ಉತ್ಪಾದಕ ಕಂಪನಿಯ ನಿರ್ದೇಶಕರ ಹೆಸರಿನಲ್ಲಿ ಪೆನ್‌ಡ್ರೈವ್ ಥರದ್ದೊಂದು ಮಾಡಿಸಿರುತ್ತಾರೆ. ಕಂಪನಿಯ ಕಾಗದಪತ್ರ ಸಲ್ಲಿಸುವುದು ಅದರಿಂದ. ಎಷ್ಟೋ ಕಡೆ ಅದು ಲೆಕ್ಕ ನೋಡುವವರ ಡ್ರಾಯರ್‌ನಲ್ಲೇ ಇರುತ್ತದೆ, ಪಾಸ್‌ವರ್ಡ್ ಮೇಲೆ ಅಂಟಿಸಿರುತ್ತಾರೆ. ನಿರ್ದೇಶಕಿಗೆ ಹಾಗೊಂದು ಇದೆ ಅಂತಲೂ ಗೊತ್ತಿರುವುದಿಲ್ಲ. ಅದು ಆಕೆಯ ಸಹಿ, ಆಕೆಯ ಬೀರುವಿನಲ್ಲಿ ಇರಬೇಕು. ನಾಳೆ ತಪ್ಪಾದರೆ ನೋಟಿಸ್ ಬರುವುದೂ ಆಕೆಯ ಹೆಸರಿಗೇ.

ಇನ್ನು ಗಂಡಂದಿರ ವಿಚಾರ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಇದ್ದರೂ, ಅಧ್ಯಕ್ಷರ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿಕೊಂಡು ಕೂರುವ ಯಜಮಾನರನ್ನು ನೋಡಿದ್ದೇವೆ. ಸಂಘದಲ್ಲಿ ಒಂದೇ ನಿಯಮ ಮಾಡಿ: ಸಭೆಯ ಕೋಣೆಯಲ್ಲಿ ಸದಸ್ಯರು ಮಾತ್ರ. ಫೋನ್ ಆಕೆಯ ನಂಬರಿಗೇ ಹೋಗಲಿ. ಗೊಬ್ಬರದ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಮೇಳದ ಮಳಿಗೆಯಲ್ಲಿ "ಯಜಮಾನ್ರು ಇಲ್ವಾ ಅಮ್ಮ?" ಎಂದು ಕೇಳುವುದನ್ನು ಮೊದಲು ನಾವು ಬಿಡಬೇಕು. ನಿಮ್ಮ ಸಿಬ್ಬಂದಿಗೆ ಇದನ್ನು ಬಾಯಿಬಿಟ್ಟು ಹೇಳಿ. ಟ್ರ್ಯಾಕ್ಟರ್ ಬಗ್ಗೆ ಆಕೆ ಕೇಳಿದರೆ ಆಕೆಯ ಮುಖ ನೋಡಿಯೇ ಉತ್ತರ ಕೊಡಿ.

ಕಲಿಯಲು ಎಲ್ಲಿಗೆ ಹೋಗಬೇಕು

ಬೆಂಗಳೂರಿನ ಸುತ್ತ ಇರುವವರು ಪುಣ್ಯವಂತರು. ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ ಇದೆ. ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ, ಹಾಡೋನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಜಿಕೆವಿಕೆ ಕೃಷಿ ಮೇಳಕ್ಕೆ ಗುಂಪಾಗಿ ಹೋಗುವುದಾದರೆ ಸುಮ್ನೆ ಸುತ್ತಾಡಿ ಬರಬೇಡಿ. ಒಬ್ಬೊಬ್ಬರಿಗೆ ಒಂದೊಂದು ವಿಷಯ ಒಪ್ಪಿಸಿ, ವಾಪಸ್ ಬಂದು ಸಂಘದಲ್ಲಿ ಅವರೇ ಹೇಳಲಿ. ನಿಂತು ಮಾತಾಡುವ ಅಭ್ಯಾಸ ಅಲ್ಲೇ ಆಗುತ್ತದೆ.

ಕೃಷಿ ಪದವಿ ಮುಗಿಸಿದ ಹೆಣ್ಣುಮಕ್ಕಳು ಮನೆಯಲ್ಲಿದ್ದರೆ ಕೇಂದ್ರದ ಅಗ್ರಿ ಕ್ಲಿನಿಕ್ ಯೋಜನೆಯ 45 ದಿನದ ತರಬೇತಿ ವಿಚಾರಿಸಿ. ಅದರಲ್ಲಿ ಸ್ವಂತ ಘಟಕಕ್ಕೆ ಸಾಲ ಪಡೆದರೆ ಮಹಿಳೆಯರಿಗೆ ಶೇ 44 ಸಹಾಯಧನ, ಸಾಮಾನ್ಯ ವರ್ಗದ ಪುರುಷರಿಗೆ ಅದು ಶೇ 36. ಸ್ತ್ರೀಶಕ್ತಿ, ಸಂಜೀವಿನಿ ಸಂಘಗಳಲ್ಲಿ ಇರುವವರು ಮಹಿಳಾ ಸಂಘಗಳಿಗೆ ಕೃಷಿ ಡ್ರೋನ್ ಕೊಡುವ ನಮೋ ಡ್ರೋನ್ ದೀದಿ ಯೋಜನೆಯ ಬಗ್ಗೆಯೂ ಕೇಳಿ ನೋಡಿ. ಅದು 2023ರ ಕೊನೆಯಲ್ಲಿ ಶುರುವಾದದ್ದು.

ಬೆಂಗಳೂರಿನ ಕೃಷಿ ಕಂಪನಿಗಳಿಗೂ ಒಂದು ಮಾತು. ಪ್ರತಿ ವರ್ಷ ಘಟಿಕೋತ್ಸವದಲ್ಲಿ ಚಿನ್ನದ ಪದಕ ಹಾಕಿಕೊಂಡ ಹೆಣ್ಣುಮಕ್ಕಳ ಫೋಟೊ ಪತ್ರಿಕೆಯಲ್ಲಿ ನೋಡುತ್ತೇವೆ. ಅವರನ್ನು ಪ್ಯಾಕಿಂಗ್ ಹಾಲ್‌ಗೆ, ಕಚೇರಿಗೆ ಮಾತ್ರ ಕಳಿಸಬೇಡಿ. ಹಳ್ಳಿ ಸುತ್ತುವ ಕೆಲಸ ಮಾಡಿದವರಿಗೇ ಮುಂದೆ ಬಡ್ತಿ ಸಿಗುವುದು, ಅಲ್ವಾ? ಹೆಣ್ಣುಮಕ್ಕಳನ್ನು ಇಬ್ಬಿಬ್ಬರಾಗಿ ಕಳಿಸಿ, ಗಾಡಿ ಕೊಡಿ, ಕತ್ತಲಾಗುವ ಮುಂಚೆ ವಾಪಸಾಗುವ ಹಾಗೆ ಮಾರ್ಗ ಹಾಕಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ 2013ರ ಕಾನೂನಿನಂತೆ ಇರಲೇಬೇಕು. ಅದರ ಸದಸ್ಯರ ಹೆಸರು ತೋಟದ ಕೂಲಿಯವರಿಗೂ ಗೊತ್ತಿರಬೇಕು.

ಚುನಾವಣೆಗೆ ನಿಲ್ಲುವಾಗ

ಷೇರು ಬಂದ ಎರಡು ವರ್ಷಕ್ಕೆ ಅಮ್ಮ ಡೈರಿ ಚುನಾವಣೆಗೆ ನಿಂತರು. ಸಾಲಿನಲ್ಲಿ ನಿಲ್ಲುವ ಹೆಂಗಸರೆಲ್ಲಾ "ನಿಮಗೇ ನಮ್ಮ ಓಟು" ಎಂದಿದ್ದರು. ಸೋತರು. ಆಮೇಲೆ ಮತದಾರರ ಪಟ್ಟಿ ಹಿಡಿದು ಕೂತಾಗ ಕಾರಣ ಗೊತ್ತಾಯಿತು. ಓಟು ಹಾಕುತ್ತೇವೆ ಎಂದಿದ್ದ ಹೆಂಗಸರಲ್ಲಿ ಬಹಳ ಮಂದಿಗೆ ಓಟೇ ಇರಲಿಲ್ಲ. ಅವರ ಷೇರೂ ಗಂಡನ ಹೆಸರಿನಲ್ಲೇ ಇತ್ತು.

ಹಾಗಾಗಿ ಅಭ್ಯರ್ಥಿಯನ್ನು ಹುಡುಕುವ ಮುಂಚೆ ಮತದಾರರನ್ನು ತಯಾರು ಮಾಡಿ. ಚುನಾವಣೆಗೆ ಒಂದೆರಡು ವರ್ಷ ಮೊದಲೇ ಈ ಕೆಲಸ ಶುರುವಾಗಬೇಕು. ಸುಮ್ನೆ ಷೇರು ಇದ್ದರೆ ಸಾಲದು. ಸಂಘದ ಜೊತೆ ವ್ಯವಹಾರ ಇರಬೇಕು, ಮಹಾಸಭೆಗೆ ಹಾಜರಾಗಿ ಸಹಿ ಹಾಕಿರಬೇಕು. ಇಲ್ಲದಿದ್ದರೆ ಓಟಿನ ಹಕ್ಕು ಹೋಗುತ್ತದೆ. ನಿಮ್ಮ ಸಂಘದ ಲೆಕ್ಕ ಎಷ್ಟು ಲೀಟರ್, ಎಷ್ಟು ದಿನ, ಎಷ್ಟು ಸಭೆ ಅಂತ ಕಾರ್ಯದರ್ಶಿಯಿಂದ ಬರೆಸಿಕೊಳ್ಳಿ. ಮಹಾಸಭೆ ಹಣಕಾಸು ವರ್ಷ ಮುಗಿದ 6 ತಿಂಗಳೊಳಗೆ, ಅಂದರೆ ಸೆಪ್ಟೆಂಬರ್ ಒಳಗೆ ಆಗುತ್ತದೆ. ಆ ದಿನ ಹೆಂಗಸರು ಗುಂಪಾಗಿ ಹೋಗಿ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿಯೇ ಕೂರಲಿ. ಕರಡು ಮತದಾರರ ಪಟ್ಟಿ ಬಂದ ಕೂಡಲೇ ಒಂದೊಂದೇ ಹೆಸರು ಓದಿ. ತಕರಾರು ಸಲ್ಲಿಸಲು ಕೆಲವೇ ದಿನ ಇರುತ್ತದೆ.

ಗೆದ್ದವರಿಗೆ ಅವಧಿ 5 ವರ್ಷ. ಮೊದಲ ವರ್ಷ ಕಲಿಕೆಗೇ ಹೋಗುತ್ತದೆ, ಅದಕ್ಕೆ ಬೇಸರ ಬೇಡ. ಸೋತವರನ್ನು ಬಿಡಬೇಡಿ, ಅವರಿಗೆ ಊರಿನ ಪ್ರತಿ ಮನೆಯ ಬಾಗಿಲೂ ಗೊತ್ತಾಗಿರುತ್ತದೆ.

ಅಮ್ಮ ಸೋತ ಮಾರನೆಯ ವಾರದಿಂದ ಮನೆಮನೆಗೆ ಹೋಗಲು ಶುರು ಮಾಡಿದರು. ಕೈಚೀಲದಲ್ಲಿ ಷೇರಿನ ಅರ್ಜಿ ನಮೂನೆಗಳು, ಒಂದು ಅಂಟು ಡಬ್ಬಿ, ಎರಡು ಪೆನ್ನು. ಇವತ್ತಿಗೆ 31 ಹೆಂಗಸರ ಷೇರು ಅವರವರ ಹೆಸರಿಗೆ ಬಂದಿದೆ. ಈ ಸಲ ಅಮ್ಮ ನಿಲ್ಲುವುದಿಲ್ಲ, ಮಂಡಿನೋವು. ಎದುರು ಮನೆಯ ಸೊಸೆ ನಿಲ್ಲುತ್ತಾಳೆ, ಮೀಸಲು ಸ್ಥಾನಕ್ಕಲ್ಲ, ಸಾಮಾನ್ಯ ಸ್ಥಾನಕ್ಕೆ. ನಾಮಪತ್ರದಲ್ಲಿ ಸೂಚಕರ ಜಾಗಕ್ಕೆ ಅಮ್ಮನ ಸಹಿ. ಮೊನ್ನೆ ಊರಿಗೆ ಹೋದಾಗ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಅದನ್ನೇ ಬರೆದು ಬರೆದು ನೋಡುತ್ತಿದ್ದರು.